ಕಾರಿನ ಟಾಪು ಕಳಚಿ ಡಿಕ್ಕಿಯಲ್ಲಿಡುತ್ತಿದ್ದ ಕಾಲ

ಈಗ ಹೊಸ ಕಾರು ನೋಡಲು ಮನೆಮಂದಿಯೆಲ್ಲ ಶೋರೂಮಿಗೆ ಹೋದರೆ ಅಮ್ಮ ಮೈಲೇಜ್ ಕೇಳುತ್ತಾಳೆ, ಅಜ್ಜ ಬೆಲೆ ಕೇಳುತ್ತಾರೆ. ಮಕ್ಕಳು ಮಾತ್ರ ಸೀದಾ ಒಳಗೆ ಹೋಗಿ ಕುಳಿತು ತಲೆಯೆತ್ತಿ ನೋಡುತ್ತಾರೆ, ಸನ್‌ರೂಫ್ ಇದೆಯೋ ಇಲ್ಲವೋ ಅಂತ. ಇದ್ದರೆ ಕಾರು ಪಾಸು. ಗುಂಡಿ ಒತ್ತಿದಾಗ ಗಾಜು ಹಿಂದಕ್ಕೆ ಸರಿದು ಒಂದು ತುಂಡು ಆಕಾಶ ಕಂಡರೆ ಅಷ್ಟಕ್ಕೇ ಎಷ್ಟು ಸಂಭ್ರಮ! ಹೀಗಿರುವಾಗ, ತಲೆಯ ಮೇಲಿನ ಚಾವಣಿಯನ್ನೇ ಪಾತ್ರೆಯ ಮುಚ್ಚಳದ ಹಾಗೆ ಕೈಯಿಂದ ಎತ್ತಿ ಡಿಕ್ಕಿಯಲ್ಲಿಟ್ಟುಕೊಂಡು ಓಡಿಸುತ್ತಿದ್ದ ಕಾರುಗಳು ಒಂದು ಕಾಲಕ್ಕೆ ಲಕ್ಷಗಟ್ಟಲೆ ಇದ್ದವು ಎಂದರೆ ನಂಬುತ್ತೀರಾ? ಇದ್ದದ್ದು ಅಮೆರಿಕದಲ್ಲಿ, 1970 ಮತ್ತು 80ರ ದಶಕಗಳಲ್ಲಿ. ಈಗ ಅವನ್ನು ಹೊಸದಾಗಿ ಯಾರೂ ತಯಾರಿಸುವುದಿಲ್ಲ.

ಅದಕ್ಕೆ ಟಿ-ಟಾಪ್ ಎಂದು ಹೆಸರು. ಮುಂದಿನ ಗಾಜಿನ ಮೇಲ್ಭಾಗದ ಚೌಕಟ್ಟಿನ ನಡುವಿನಿಂದ ಹಿಂದಕ್ಕೆ ಒಂದು ಪಟ್ಟಿ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುತ್ತದೆ. ಆ ಪಟ್ಟಿಯ ಎಡಕ್ಕೊಂದು, ಬಲಕ್ಕೊಂದು ಮುಚ್ಚಳ. ಚಿಲಕ ತಿರುಗಿಸಿದರೆ ಕೈಗೇ ಬರುತ್ತವೆ. ನಾನು ಅದನ್ನು ಮೊದಲು ಕಂಡದ್ದು 1999ರ ಬೇಸಿಗೆಯಲ್ಲಿ, ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರ ಇದ್ದ ಅಕ್ಕನ ಮನೆಗೆ ಹೋದಾಗ. ಭಾವ ಓದುವ ದಿನಗಳಲ್ಲಿ ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಕಾರು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ‘ನೋಡಯ್ಯಾ’ ಎನ್ನುತ್ತಾ ಎರಡು ನಿಮಿಷದಲ್ಲಿ ಎರಡೂ ಗಾಜುಗಳನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಒಂದೊಂದೂ ಹತ್ತು ಕಿಲೋ ಅಕ್ಕಿ ಚೀಲದಷ್ಟು ಭಾರ ಅನ್ನಿಸಿತು. ಕೆಳಗೆ ಬಿದ್ದರೆ ಏನು ಗತಿ ಎಂದು ನಾನು ಅಲ್ಲಾಡದೆ ನಿಂತೆ. ಆಮೇಲೆ ಕೆರೆಯ ದಂಡೆಯ ರಸ್ತೆಯಲ್ಲಿ ಹೋಗುವಾಗ ಸಿಕ್ಕಿದ ಸುಖ ಇದೆಯಲ್ಲ, ಅದನ್ನು ಇವತ್ತಿನ ಯಾವ ಸನ್‌ರೂಫೂ ಕೊಟ್ಟಿಲ್ಲ. ಅದಂತೂ ಸತ್ಯ.

ಈ ಉಪಾಯ ಹೊಳೆದದ್ದು ಗಾರ್ಡನ್ ಬ್ಯೂರಿಗ್ ಎಂಬ ಅಮೆರಿಕನ್ ವಿನ್ಯಾಸಕಾರನಿಗೆ. 1930ರ ದಶಕದಲ್ಲಿ ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಎಂಬ ಬಹು ಚೆಂದದ ಕಾರುಗಳಿಗೆ ರೂಪ ಕೊಟ್ಟವನು ಅವನು. 1948ರಲ್ಲಿ ಟ್ಯಾಸ್ಕೊ ಎಂಬ ಹೆಸರಿನ ಒಂದು ಕ್ರೀಡಾ ಕಾರನ್ನು ರೂಪಿಸುವಾಗ ಚಾವಣಿಯಲ್ಲಿ ಎರಡು ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳಗಳನ್ನಿಟ್ಟ. 1951ರ ಜೂನ್ 5ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಟ್ಯಾಸ್ಕೊ ಕಾರು ತಯಾರಾದದ್ದು ಒಂದೇ ಒಂದು! ಇಂಡಿಯಾನಾ ರಾಜ್ಯದ ಆಬರ್ನ್ ಊರಿನ ಮ್ಯೂಸಿಯಮ್ಮಿನಲ್ಲಿ ಅದು ಈಗಲೂ ಇದೆ. ಉಪಾಯ ಮಾತ್ರ ಸುಮಾರು ಇಪ್ಪತ್ತು ವರ್ಷ ಹಾಗೇ ಬಿದ್ದಿತ್ತು.

ಅದಕ್ಕೆ ಜೀವ ಬಂದದ್ದು ಒಂದು ಭಯದಿಂದ. ಅಲ್ಲಿಯವರೆಗೆ ಗಾಳಿ ಬಿಸಿಲು ಬೇಕೆನ್ನುವವರು ಬಟ್ಟೆಯ ಟಾಪಿನ ಕನ್ವರ್ಟಿಬಲ್ ಕಾರು ಕೊಳ್ಳುತ್ತಿದ್ದರು. ಕಾರು ಪಲ್ಟಿಯಾದರೆ ಆ ಬಟ್ಟೆ ಯಾರನ್ನು ಕಾಪಾಡೀತು? 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲ ಅಮೆರಿಕದ ಕಾರುಗಳು ಎಷ್ಟು ಅಪಾಯಕಾರಿ ಎಂದು ಪುಸ್ತಕವನ್ನೇ ಬರೆದ. ಮರುವರ್ಷ ಅಲ್ಲಿನ ಸರ್ಕಾರ ವಾಹನ ಸುರಕ್ಷತೆಗೆ ಕಾನೂನು ತಂದಿತು. ತೆರೆದ ಟಾಪಿನ ಕಾರುಗಳನ್ನು ನಿಷೇಧಿಸಿಯೇ ಬಿಡುತ್ತಾರೆ ಎಂದು ಕಂಪನಿಗಳೆಲ್ಲ ಹೆದರಿದವು. ಜರ್ಮನಿಯ ಪೋರ್ಷೆ ಕಂಪನಿ 1965ರಲ್ಲೇ ಒಂದು ದಾರಿ ತೋರಿಸಿತ್ತು. ಸೀಟುಗಳ ಹಿಂದೆ ಗಟ್ಟಿಯಾದ ಕಮಾನು, ಅದಕ್ಕೂ ಮುಂದಿನ ಗಾಜಿಗೂ ನಡುವೆ ಕಳಚಬಹುದಾದ ಒಂದೇ ಮುಚ್ಚಳ. ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ಎಂಬ ಪ್ರಸಿದ್ಧ ಓಟದ ನೆನಪಿಗೆ ಅದಕ್ಕೆ ‘ಟಾರ್ಗಾ’ ಎಂದು ಹೆಸರಿಟ್ಟರು.

ಅಮೆರಿಕದ ಷೆವ್ರೊಲೆ ಕಂಪನಿ ತನ್ನ 1968ರ ಕೊರ್ವೆಟ್ ಕಾರಿಗೂ ಅಂಥದೇ ಒಂದೇ ಮುಚ್ಚಳ ಮಾಡಬೇಕೆಂದಿತ್ತು. ಮಾಡಿ ನೋಡಿದರೆ ಕಾರಿನ ಮೈ ತಿರುಚಿಕೊಳ್ಳುತ್ತಿತ್ತು. ಬೇರೆ ಉಪಾಯವಿಲ್ಲದೆ ನಡುವೆ ಒಂದು ಪಟ್ಟಿ ಕೂರಿಸಿ ಬಿಗಿ ಮಾಡಿದರು. ಟಿ-ಟಾಪ್ ಹೀಗೆ ಮಾರುಕಟ್ಟೆಗೆ ಬಂತು. ಅಂದವಾಗಿ ಕಾಣಲಿ ಎಂದು ಇಟ್ಟ ಪಟ್ಟಿಯಲ್ಲ ಅದು, ಮನೆ ವಾಲದಿರಲಿ ಎಂದು ಕೊಟ್ಟ ಊರೆಗೋಲು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1976ರ ಏಪ್ರಿಲ್ 21ರಂದು ಡೆಟ್ರಾಯಿಟ್‌ನಲ್ಲಿ ‘ಅಮೆರಿಕದ ಕೊನೆಯ ಕನ್ವರ್ಟಿಬಲ್’ ಎಂದು ಡಂಗುರ ಸಾರಿ ಕ್ಯಾಡಿಲಾಕ್ ಎಲ್ಡೊರಾಡೊ ಕಾರನ್ನು ಹೊರಗೆ ಬಿಟ್ಟರು. ಕೊನೆಯ 200 ಕಾರುಗಳಿಗೆ ಬಿಳಿ ಬಣ್ಣ ಬಳಿದಿದ್ದರು. ಜನ ಮುಗಿಬಿದ್ದು ಕೊಂಡು ಜೋಪಾನ ಮಾಡಿದರು. (1984ರಲ್ಲಿ ಅದೇ ಕಂಪನಿ ಮತ್ತೆ ಕನ್ವರ್ಟಿಬಲ್ ತಂದಾಗ, ಕೊನೆಯದೆಂದು ನಂಬಿ ಕೊಂಡಿದ್ದ ಕೆಲವರು ಕೋರ್ಟಿಗೆ ಹೋದರು. ಪಾಪ, ಹೋಗದೆ ಏನು ಮಾಡಿಯಾರು?) ಆ ನಡುವಿನ ಕೆಲವು ವರ್ಷ ಅಮೆರಿಕದ ಕಂಪನಿಗಳ ಕಾರಿನಲ್ಲಿ ಆಕಾಶ ನೋಡಬೇಕೆಂದರೆ ಟಿ-ಟಾಪೇ ಗತಿ.

ಅದರ ಮೇಲೆ 1977ರಲ್ಲಿ ‘ಸ್ಮೋಕಿ ಆ್ಯಂಡ್ ದ ಬ್ಯಾಂಡಿಟ್’ ಸಿನಿಮಾ ಬಂತು. ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಓಡುವ ನಾಯಕ ಬರ್ಟ್ ರೆನಾಲ್ಡ್ಸ್, ಅವನ ಕಪ್ಪು ಬಣ್ಣದ ಪಾಂಟಿಯಾಕ್ ಟ್ರಾನ್ಸ್ ಆ್ಯಮ್ ಕಾರು, ಅದಕ್ಕೆ ಟಿ-ಟಾಪ್. ಸಿನಿಮಾಕ್ಕಿಂತ ಕಾರೇ ಹೆಚ್ಚು ಹೆಸರು ಮಾಡಿತೇನೋ! 1979ರ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟ್ರಾನ್ಸ್ ಆ್ಯಮ್ ಕಾರುಗಳು ಮಾರಾಟವಾದವು. ಜಪಾನಿನ ನಿಸಾನ್, ಟೊಯೋಟಾ, ಸುಬಾರು ಕಂಪನಿಗಳೂ ತಮ್ಮ ಕೆಲವು ಮಾದರಿಗಳಿಗೆ ಟಿ-ಟಾಪ್ ಕೂರಿಸಿದವು.

ಇಷ್ಟೆಲ್ಲ ಮೆರೆದದ್ದು ಆಮೇಲೆ ಇಲ್ಲವಾದದ್ದು ಯಾಕೆ? ಉತ್ತರ ಬೇಕಾದರೆ ಮನೆಯಲ್ಲಿ ಚಪ್ಪಲಿ ಅಂಗಡಿಯ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಹುಡುಕಿ.

ಮುಚ್ಚಳ ತೆಗೆದು ಬದಿಗಿಡಿ. ಪೆಟ್ಟಿಗೆಯ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಸಲೀಸಾಗಿ ಡೊಂಕಾಗುತ್ತದೆ. ಈಗ ಮುಚ್ಚಳ ಹಾಕಿ ಸುತ್ತಲೂ ಟೇಪು ಅಂಟಿಸಿ ಮತ್ತೆ ತಿರುಚಿ. ಜಗ್ಗುವುದಿಲ್ಲ. ರಟ್ಟು ಅದೇ, ಕೈ ಅದೇ. ಮುಚ್ಚಳ ಸೇರಿದ್ದರಿಂದ ಆರೂ ಗೋಡೆಗಳು ಒಂದನ್ನೊಂದು ಹಿಡಿದುಕೊಂಡವು. ಕೊನೆಗೆ ಬ್ಲೇಡಿನಿಂದ (ಇದನ್ನು ದೊಡ್ಡವರು ಮಾಡಲಿ) ಮುಚ್ಚಳದ ನಡುವೆ ಉದ್ದಕ್ಕೆ ಒಂದು ಪಟ್ಟಿ ಬಿಟ್ಟು ಎರಡೂ ಕಡೆ ಚೌಕವಾಗಿ ಕತ್ತರಿಸಿ ತೆಗೆಯಿರಿ. ತಿರುಚಿ ನೋಡಿ. ಮುಚ್ಚಳ ಇಲ್ಲದಷ್ಟು ಮೆತ್ತಗಿಲ್ಲ, ಮುಚ್ಚಳ ಇದ್ದಷ್ಟು ಗಟ್ಟಿಯೂ ಇಲ್ಲ. ಈಗ ನಿಮ್ಮ ಕೈಯಲ್ಲಿರುವುದೇ ಟಿ-ಟಾಪ್ ಕಾರು!

ಕಾರಿನ ಚಾವಣಿ ನಮಗೆ ನೆರಳಿಗೆ, ಮಳೆಗೆ ಇಟ್ಟ ಕೊಡೆಯ ಹಾಗೆ ಕಾಣುತ್ತದೆ. ನಿಜಕ್ಕೂ ಅದು ಮೈಯ ಒಂದು ಎಲುಬು. ಮುಂದಿನ ಎಡ ಚಕ್ರ ಗುಂಡಿಗೆ ಇಳಿದು ಹಿಂದಿನ ಬಲ ಚಕ್ರ ಉಬ್ಬಿನ ಮೇಲಿದ್ದಾಗ ಇಡೀ ಕಾರು ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯುವ ಕೆಲಸದಲ್ಲಿ ಚಾವಣಿಯ ಪಾಲು ದೊಡ್ಡದು. ಅಲ್ಲಿ ಎರಡು ತೂತು ಮಾಡಿದರೆ ಆ ಬಲವನ್ನು ಬೇರೆ ಕಡೆಯಿಂದ ತರಬೇಕು. ನೆಲಕ್ಕೆ ಹೆಚ್ಚು ಕಬ್ಬಿಣ ಹಾಕಬೇಕು, ಬಾಗಿಲ ಕೆಳಗಿನ ಪಟ್ಟಿ ದಪ್ಪ ಮಾಡಬೇಕು. ಆಗ ಭಾರ ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. 1984ರ ಹೊಸ ಕೊರ್ವೆಟ್ ಕಾರಿನಲ್ಲಿ ನಡುವಿನ ಪಟ್ಟಿ ತೆಗೆದು ಒಂದೇ ದೊಡ್ಡ ಮುಚ್ಚಳ ಮಾಡಿದರು. ಆ ಊರೆಗೋಲು ಹೋದದ್ದರ ಬೆಲೆಯಾಗಿ ಬಾಗಿಲ ಕೆಳಗಿನ ಭಾಗ ಎಷ್ಟು ಎತ್ತರವಾಯಿತೆಂದರೆ, ಹಳೇ ಕಾಲದ ತೊಟ್ಟಿ ಮನೆಯ ಹೊಸಿಲು ದಾಟುವಂತೆ ಕಾಲೆತ್ತಿ ಒಳಗಿಳಿಯಬೇಕಿತ್ತು.

ಇಷ್ಟಾದರೂ ಮೈ ಸ್ವಲ್ಪ ಅಲುಗುತ್ತಲೇ ಇರುತ್ತದೆ. ಅಲುಗಿದಾಗಲೆಲ್ಲ ಮುಚ್ಚಳ ಕೂತ ಜಾಗದ ರಬ್ಬರ್ ಬೀಡಿಂಗ್ ಒಮ್ಮೆ ಹಿಸುಕಿಕೊಳ್ಳುತ್ತದೆ, ಒಮ್ಮೆ ಬಿಟ್ಟುಕೊಳ್ಳುತ್ತದೆ. ವೇಗ ಹೆಚ್ಚಿದಾಗ ಇನ್ನೊಂದು ತೊಂದರೆ. ಚಾವಣಿಯ ಮೇಲೆ ಗಾಳಿ ಜೋರಾಗಿ ಹರಿಯುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ನಿಂತ ಗಾಳಿ ಮುಚ್ಚಳವನ್ನು ಮೇಲಕ್ಕೆ ನೂಕುತ್ತದೆ. ಬಿರುಗಾಳಿ ಬೀಸಿದಾಗ ದನದ ಕೊಟ್ಟಿಗೆಯ ತಗಡು ಹಾರಿಹೋಗುವುದೂ ಇದೇ ಕಾರಣಕ್ಕೆ. ಚಿಲಕ ಇರುವುದರಿಂದ ಮುಚ್ಚಳ ಹಾರದು. ಆದರೆ ಬೀಡಿಂಗ್ ಸಡಿಲವಾಗಿ ಸಂದಿನಿಂದ ಸುಂಯ್ ಎಂಬ ಶಬ್ದ ಶುರುವಾಗುತ್ತದೆ. ಬಿಸಿಲಿಗೆ ಒಣಗಿ, ಚಳಿಗೆ ಸೆಟೆದು, ನಾಲ್ಕೈದು ವರ್ಷದಲ್ಲಿ ರಬ್ಬರ್ ಗಟ್ಟಿಯಾಯಿತೆಂದರೆ ಕಥೆ ಮುಗಿಯಿತು. ಆಮೇಲೆ ಸೋರುವುದೊಂದೇ ಕೆಲಸ.

ಅಮೆರಿಕದಲ್ಲಿ ಟಿ-ಟಾಪ್ ಎಂದರೆ ಈಗಲೂ ಜನಕ್ಕೆ ಮೊದಲು ನೆನಪಾಗುವುದು ಸೋರುವಿಕೆಯೇ. ಪಾಂಟಿಯಾಕ್ ಕಾರುಗಳಿಗೆ 1976ರಲ್ಲಿ ಹೊರಗಿನ ಕಂಪನಿಯೊಂದು ಮಾಡಿಕೊಟ್ಟ ಮೊದಲ ಮುಚ್ಚಳಗಳು ಸೋರುವುದಕ್ಕೇ ಹೆಸರಾಗಿದ್ದವು. 1978ರಲ್ಲಿ ಕಾರು ತಯಾರಕರೇ ಇನ್ನೂ ದೊಡ್ಡ ಗಾಜಿನ ಮುಚ್ಚಳ ಮಾಡಿ ಕೂರಿಸಲು ಶುರುಮಾಡಿದರು. ಆಗ ಎಷ್ಟೋ ಸುಧಾರಿಸಿತು. ಪೂರ್ತಿ ನಿಲ್ಲಲಿಲ್ಲ.

ನಮ್ಮ ಭಾವನ ಕಾರಿನಲ್ಲಿ ಡ್ರೈವರ್ ಸೀಟಿನ ಹಿಂದೆ ಯಾವಾಗಲೂ ಎರಡು ಹಳೇ ಟವೆಲ್ ಇರುತ್ತಿದ್ದವು. ಮಳೆ ಬಂದರೆ ಒಂದನ್ನು ಎಡ ತೊಡೆಯ ಮೇಲೆ ಹಾಸಿಕೊಂಡೇ ಕಾರು ಓಡಿಸುತ್ತಿದ್ದರು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಹೆಂಚು ಜಾರಿದ ಕಡೆ ಪಾತ್ರೆ ಇಟ್ಟು ಅಭ್ಯಾಸ, ಇದು ಯಾವ ಲೆಕ್ಕ ಎಂದು ನಗುತ್ತಿದ್ದರು. ಒಂದು ಭಾನುವಾರ ಕನ್ನಡ ಕೂಟದ ವನಭೋಜನಕ್ಕೆ ಹೊರಟಿದ್ದೆವು. ಬಿಸಿಲು ಚೆನ್ನಾಗಿತ್ತು ಎಂದು ಎರಡೂ ಗಾಜು ಕಳಚಿ ಡಿಕ್ಕಿಯಲ್ಲಿ ಮಲಗಿಸಿದರು. ಡಿಕ್ಕಿ ತುಂಬಿಹೋಯಿತು. ಚಿತ್ರಾನ್ನದ ಪಾತ್ರೆ, ಮಗುವಿನ ಚೀಲ, ಕುರ್ಚಿ, ಎಲ್ಲ ನನ್ನ ಮಡಿಲಿಗೆ ಬಂದವು. ಅರ್ಧ ದಾರಿಯಲ್ಲಿ ಮೋಡ ಕವಿದು ದಪ್ಪ ಹನಿ ಬೀಳಲು ಶುರು. ಹೆದ್ದಾರಿಯಲ್ಲಿ ನಿಲ್ಲಿಸುವ ಹಾಗಿಲ್ಲ. ಮುಂದಿನ ಹೊರದಾರಿ ಸಿಗುವವರೆಗೆ ನಾವೆಲ್ಲ ನೆನೆದೆವು. ಹಿಂದಿನ ಸೀಟಿನಲ್ಲಿದ್ದ ಎಂಟು ತಿಂಗಳ ಪಾಪು ಮೊದಲು ಬಾಯಿ ತೆರೆದು ಹನಿ ರುಚಿ ನೋಡಿ, ಆಮೇಲೆ ಅಳಲು ಶುರುಮಾಡಿತು. ಭಾವ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮಳೆಯಲ್ಲೇ ಗಾಜು ಕೂರಿಸುವಾಗ ಅಕ್ಕ ಒಂದೇ ಮಾತು ಅಂದಳು: ‘ರೀ, ನೀವಿಬ್ಬರೇ ಹೋಗೋದಾದ್ರೆ ಈ ಕಾರು ತಗೊಂಡ್ಹೋಗಿ. ನನ್ನ ಮಗೂನ ಇನ್ನು ಇದ್ರಲ್ಲಿ ಕೂರ್ಸಲ್ಲ.’

ಮಳೆಯೊಂದೇ ಆಗಿದ್ದರೆ ಅಕ್ಕ ಸುಮ್ಮನಾಗುತ್ತಿದ್ದಳೇನೋ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಅದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಕಾರು ಪಲ್ಟಿಯಾದರೆ ನಮ್ಮ ತಲೆಯ ಮೇಲೆ ಏನಿದೆ?

ಅದು ಬರೀ ತಾಯಿಯ ಹೆದರಿಕೆಯಲ್ಲ. ಅಮೆರಿಕದಲ್ಲಿ 1973ರ ಸೆಪ್ಟೆಂಬರಿನಿಂದ ಜಾರಿಯಲ್ಲಿದ್ದ ನಿಯಮದ ಪ್ರಕಾರ, ಕಾರಿನ ಚಾವಣಿಯ ಒಂದು ಮೂಲೆಯ ಮೇಲೆ ಆ ಕಾರಿನ ತೂಕದ ಒಂದೂವರೆ ಪಟ್ಟು ಭಾರ ಹೇರಿದರೂ ಅದು ಐದು ಅಂಗುಲಕ್ಕಿಂತ ಹೆಚ್ಚು ಕುಸಿಯಬಾರದು. ಬಟ್ಟೆ ಟಾಪಿನ ಕಾರುಗಳಿಗೆ ಇದರಿಂದ ವಿನಾಯಿತಿ ಇತ್ತು. 2009ರಲ್ಲಿ ಈ ಒಂದೂವರೆ ಪಟ್ಟನ್ನು ಸಾಮಾನ್ಯ ಕಾರುಗಳಿಗೆಲ್ಲ ಮೂರು ಪಟ್ಟಿಗೆ ಏರಿಸಿದರು. ಗಾಜಿನ ಮುಚ್ಚಳ ಅಂಥ ಭಾರ ಹೊರಲಾರದು. ಎಲ್ಲವನ್ನೂ ಕಂಬಗಳು ಮತ್ತು ನಡುವಿನ ಪಟ್ಟಿಯೇ ಹೊರಬೇಕು. ಮುಚ್ಚಳ ಕಳಚಿರುವಾಗ, ಸೀಟ್‌ಬೆಲ್ಟ್ ಹಾಕದವರು ಆ ತೂತಿನಿಂದಲೇ ಹೊರಕ್ಕೆ ಎಸೆಯಲ್ಪಡುವ ಅಪಾಯವೂ ಇದೆ. ಇನ್ನೊಂದು ಸಂಗತಿ: ಈಗಿನ ಕಾರುಗಳಲ್ಲಿ ಪಕ್ಕದಿಂದ ಗುದ್ದಿದಾಗ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇರುತ್ತದಲ್ಲ, ಅದನ್ನು ಸುತ್ತಿಟ್ಟಿರುವುದು ಬಾಗಿಲ ಮೇಲಿನ ಉದ್ದ ಪಟ್ಟಿಯೊಳಗೆ. ಟಿ-ಟಾಪ್ ಕಾರಿನಲ್ಲಿ ಆ ಪಟ್ಟಿಯೇ ಇಲ್ಲ! ಬಾಗಿಲ ಗಾಜು ಸೀದಾ ಮುಚ್ಚಳಕ್ಕೇ ತಾಗಿ ನಿಲ್ಲುತ್ತದೆ. ಇನ್ನು ಏರ್‌ಬ್ಯಾಗ್ ಎಲ್ಲಿಡುವುದು?

ಅಷ್ಟರಲ್ಲಿ ಪೈಪೋಟಿಯೂ ಬಂದಿತ್ತು. ಹೆದರಿದಂತೆ ಕನ್ವರ್ಟಿಬಲ್ ಕಾರುಗಳನ್ನು ಯಾರೂ ನಿಷೇಧಿಸಲಿಲ್ಲ, 1982ರಲ್ಲಿ ಕ್ರೈಸ್ಲರ್ ಕಂಪನಿ ಲೆ ಬ್ಯಾರನ್ ಕಾರಿನಿಂದ ಅವನ್ನು ಮರಳಿ ತಂದಿತು. ಪೂರ್ತಿ ಆಕಾಶ ಬೇಕೆಂದವರು ಆ ಕಡೆ ಹೋದರು. 1996ರಲ್ಲಿ ಮರ್ಸಿಡಿಸ್‌ನ ಎಸ್‌ಎಲ್‌ಕೆ ಬಂತು. ಗುಂಡಿ ಒತ್ತಿದರೆ ಉಕ್ಕಿನ ಚಾವಣಿಯೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತಿತ್ತು. ಅಮೆರಿಕದ ಕಾರುಗಳಲ್ಲಿ ಎ.ಸಿ. ಮಾಮೂಲಾಗಿ, ಬೇಸಿಗೆಯಲ್ಲಿ ಗಾಳಿಗಾಗಿ ಟಾಪು ತೆಗೆಯುವ ಅಗತ್ಯವೂ ಕಡಿಮೆಯಾಯಿತು. ಸ್ವಲ್ಪ ಬೆಳಕು ಸಾಕೆಂದವರಿಗೆ ಸನ್‌ರೂಫ್ ಇತ್ತು. ಕುಳಿತಲ್ಲಿಂದಲೇ ತೆರೆಯಬಹುದು, ಮುಚ್ಚಬಹುದು, ಕಳ್ಳರ ಕಾಟವಿಲ್ಲ. ಟಿ-ಟಾಪ್ ಗಾಜುಗಳನ್ನು ಕದ್ದು ಮಾರುವವರೇ ಇದ್ದರು, ಅದಕ್ಕೆಂದೇ ಬೇರೆ ಬೀಗ ಕೊಳ್ಳಬೇಕಿತ್ತು.

ನನ್ನ ಲೆಕ್ಕದಲ್ಲಿ ಟಿ-ಟಾಪನ್ನು ನಿಜವಾಗಿ ಸೋಲಿಸಿದ್ದು ಈ ಸನ್‌ರೂಫೇ. ಅದರ ಜಾಣತನ ಇರುವುದು ಗಾಜಿನಲ್ಲಲ್ಲ, ಗಾಜಿನ ಸುತ್ತ ಇರುವ ಸಣ್ಣ ಕಾಲುವೆಯಲ್ಲಿ. ನೀರು ಒಳಗೆ ಬರಲೇಬಾರದು ಎಂದು ಟಿ-ಟಾಪ್ ಹಟ ಹಿಡಿಯಿತು. ಸನ್‌ರೂಫ್ ‘ಸ್ವಲ್ಪ ಬಂದರೆ ಬರಲಿ’ ಎನ್ನುತ್ತದೆ. ಬಂದ ನೀರು ಕಾಲುವೆಗೆ ಬಿದ್ದು, ಮೂಲೆಗಳ ರಬ್ಬರ್ ಕೊಳವೆಗಳ ಮೂಲಕ ಕಂಬಗಳೊಳಗೆ ಇಳಿದು ನೆಲಕ್ಕೆ ಹೋಗುತ್ತದೆ. ನಮ್ಮ ಮನೆಗಳ ಸೂರಿಗೆ ಕಟ್ಟುವ ದೋಣಿಯ ಹಾಗೆ. ಆ ಕೊಳವೆ ಕಟ್ಟಿಕೊಂಡರೆ ಸನ್‌ರೂಫೂ ಸೋರುತ್ತದೆ. ನಿಮ್ಮ ಕಾರನ್ನು ಮರದಡಿ ನಿಲ್ಲಿಸುತ್ತೀರಾದರೆ, ಮಳೆಗಾಲಕ್ಕೆ ಮೊದಲು ಒಮ್ಮೆ ಗಾಜು ತೆರೆದು ಅಂಚಿನ ಎಲೆ, ಧೂಳು ತೆಗೆದು, ಒಂದು ಲೋಟ ನೀರು ನಿಧಾನವಾಗಿ ಹುಯ್ದು ನೋಡಿ. ಕಾರಿನ ಕೆಳಗೆ ನೀರು ಬಂದರೆ ಚಿಂತೆಯಿಲ್ಲ. ಅಂದಹಾಗೆ, ಅದು ಬೆಳಕಿಗೆ ಇಟ್ಟ ಕಿಂಡಿ, ಮಕ್ಕಳು ನಿಲ್ಲುವ ಬಾಲ್ಕನಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಗೆ ನಿಂತಿದ್ದ ಹುಡುಗನೊಬ್ಬನ ತಲೆ, ಎತ್ತರದ ವಾಹನ ತಡೆಯಲು ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣಕ್ಕೆ ಬಡಿದ ದೃಶ್ಯವನ್ನು ನೀವೂ ನೋಡಿರಬಹುದು.

ಕೊನೆಯ ಟಿ-ಟಾಪ್ ಕಾರುಗಳು ಷೆವ್ರೊಲೆ ಕಮಾರೊ ಮತ್ತು ಪಾಂಟಿಯಾಕ್ ಫೈರ್‌ಬರ್ಡ್. ಎರಡೂ ಒಂದೇ ಕಂಪನಿಯವು, ಎರಡೂ ಕೆನಡಾದ ಕ್ವಿಬೆಕ್ ಪ್ರಾಂತದ ಸೇಂತ್ ತೆರೇಸ್ ಎಂಬಲ್ಲಿ ತಯಾರಾಗುತ್ತಿದ್ದವು. 2002ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಕೆಲವು ವರ್ಷಗಳ ಮೇಲೆ ಕಮಾರೊ ಹೊಸ ರೂಪದಲ್ಲಿ ಮರಳಿ ಬಂತು. ಕಂಪನಿ ಅದಕ್ಕೆ ಸನ್‌ರೂಫ್ ಕೊಟ್ಟಿತು, ಟಿ-ಟಾಪ್ ಕೊಡಲಿಲ್ಲ.

ಹಾಗಂತ ಕಳಚುವ ಚಾವಣಿಯ ವಂಶ ಪೂರ್ತಿ ಅಳಿದಿಲ್ಲ. ಉಳಿದವನ್ನು ಗಮನಿಸಿದರೆ ರಟ್ಟಿನ ಪೆಟ್ಟಿಗೆಯ ಪಾಠ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಜೀಪ್ ರ್‍ಯಾಂಗ್ಲರ್ ಮತ್ತು ಫೋರ್ಡ್ ಬ್ರಾಂಕೊ ಗಾಡಿಗಳಲ್ಲಿ ಟಾಪಿನ ತುಂಡುಗಳನ್ನು ಇವತ್ತಿಗೂ ಕೈಯಿಂದಲೇ ಕಳಚಬಹುದು. ಅವುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇದೆ. ಟಾಪು ತೆಗೆದರೂ ತಲೆಯ ಮೇಲೆ ಕಬ್ಬಿಣದ ಪಂಜರ ಇದ್ದೇ ಇರುತ್ತದೆ. ಕೊರ್ವೆಟ್ ಕಾರಿಗೆ ಈಗಲೂ ಕಳಚುವ ಮುಚ್ಚಳವಿದೆ, ಅದರ ಮೈಯ ನಡುವೆ ಬೆನ್ನೆಲುಬಿನಂಥ ಗಟ್ಟಿ ಸುರಂಗ ಇದೆ. ಚಾವಣಿಯ ಕೆಲಸವನ್ನು ಬೇರೆ ಯಾರೋ ಮಾಡುತ್ತಿರುವ ಕಡೆ ಮಾತ್ರ ಚಾವಣಿಗೆ ರಜೆ ಸಿಕ್ಕಿದೆ.

ಭಾವನ ಕಾರನ್ನು ಆ ವರ್ಷದ ದೀಪಾವಳಿಗೆ ಮೊದಲೇ ಮಾರಿದರು. ಕೊಂಡ ಹುಡುಗ ಮೊದಲು ಕೇಳಿದ ಪ್ರಶ್ನೆ ‘ಸೋರುತ್ತದಾ?’ ಅಂತಲೇ. ಭಾವ ಹೌದೆಂದರು. ಅವನು ತಲೆಯಾಡಿಸಿ ದುಡ್ಡು ಎಣಿಸಿಕೊಟ್ಟ. ಟವೆಲ್‌ಗಳನ್ನೂ ಕೇಳಿ ತೆಗೆದುಕೊಂಡು ಹೋದ.

ಪೋರ್ಷೆ ಕಂಪನಿ 2014ರಲ್ಲಿ ಅದೇ ಡೆಟ್ರಾಯಿಟ್‌ನ ಮೋಟಾರು ಪ್ರದರ್ಶನದಲ್ಲಿ ಹೊಸ ಟಾರ್ಗಾ ತೋರಿಸಿತು. ಹಿಂದಿನ ದೊಡ್ಡ ಗಾಜು ತಾನಾಗಿ ಎದ್ದು ಹಿಂದಕ್ಕೆ ಸರಿಯುತ್ತದೆ, ಮುಚ್ಚಳ ಮಡಚಿಕೊಂಡು ಅದರ ಕೆಳಗೆ ಸೇರುತ್ತದೆ, ಗಾಜು ಮತ್ತೆ ಬಂದು ಕೂರುತ್ತದೆ. ಎಲ್ಲ ಸೇರಿ ಸುಮಾರು 20 ಸೆಕೆಂಡ್. ಯಾರೂ ಕೈ ಹಚ್ಚಬೇಕಿಲ್ಲ. ಆದರೆ ಇದೆಲ್ಲ ನಡೆಯುವುದು ಕಾರು ನಿಂತಿರುವಾಗ ಮಾತ್ರ. ಹೆದ್ದಾರಿಯಲ್ಲಿ ಮಳೆ ಬಂದರೆ ಅಷ್ಟು ದುಬಾರಿ ಕಾರಿನವರೂ ಮುಂದಿನ ಹೊರದಾರಿ ಹುಡುಕಲೇಬೇಕು.